ಎರಡನೇ ಕ್ಲಾಸಿನಲ್ಲೇ ಗೊತ್ತಿತ್ತಂತೆ

೧೨ ನವೆಂಬರ್, ಬುಧವಾರ

ಮಮ್ಮಿಗೆ ಗೊತ್ತಿತ್ತು. ಹದಿನಾರು ವರ್ಷದಿಂದ ಗೊತ್ತಿತ್ತು.

ಗಾಂಜಾ ಬಿಡಲು ನಾನು ತೋರಿಸಿಕೊಳ್ಳುವ ಮಣಿಪಾಲದ ಡಾಕ್ಟರು ಇವತ್ತು, "ಚಿಕ್ಕವಳಿದ್ದಾಗ ಗಮನ ನಿಲ್ಲುತ್ತಿರಲಿಲ್ಲವಾ?" ಎಂದು ಕೇಳಿದರು. ಉತ್ತರ ಕೊಟ್ಟದ್ದು ಮಮ್ಮಿ. "ನಿಲ್ಲುತ್ತಿರಲಿಲ್ಲ ಡಾಕ್ಟ್ರೇ. ಶರೋನ್ ಎರಡನೇ ಕ್ಲಾಸಿನಲ್ಲಿ ಇರುವಾಗಲೇ ಕಾರ್ಕಳದ ಒಬ್ಬರು ಡಾಕ್ಟ್ರು ಎಡಿಎಚ್‌ಡಿ, ಗಮನ ನಿಲ್ಲದ ತೊಂದರೆ ಅಂತ ಹೇಳಿದ್ದರು."

ಹಾಗಾದರೆ ಹೋಮ್‌ವರ್ಕ್ ಮರೆತಾಗಲೆಲ್ಲ ನನಗೆ ಹೊಡೆದದ್ದು ಯಾಕೆ? ನಾನು ಸೋಮಾರಿ ಎಂದೇ ನಂಬಿ ಬೆಳೆದೆ. ಕಾಲೇಜಿನಲ್ಲಿ ಮೊದಲ ಸಲ ಸೇದಿದಾಗ ತಲೆಯೊಳಗಿನ ಗಲಾಟೆ ನಿಂತಿತು. ಅದನ್ನೇ ಔಷಧಿ ಅಂದುಕೊಂಡೆ.

ಕಟಪಾಡಿಯಲ್ಲಿ ಬಸ್ಸಿಳಿದ ಮೇಲೆ ಕೇಳಿದೆ. "ನನಗೆ ಯಾಕೆ ಹೇಳಲಿಲ್ಲ?"

"ಹೆಣ್ಣು ಮಗು ಅಲ್ವಾ. ಜನ ಎಂತ ಹೇಳಿಯಾರು ಅಂತ."

"ಈಗ ಜನ ಹೇಳಲಿಕ್ಕೆ ಎಂತ ಬಾಕಿ ಉಂಟು?"

ಮಮ್ಮಿ ಬೇಗ ಬೇಗ ನಡೆದಳು. "ಇದನ್ನೆಲ್ಲ ಡ್ಯಾಡಿ ಹತ್ತಿರ ಕೇಳಬೇಡ" ಎಂದಳು. ಮನೆಗೆ ಬಂದವಳೇ ಕುವೈತಿನಲ್ಲಿರುವ ಡ್ಯಾಡಿಗೆ ಫೋನ್ ಮಾಡಿ ಕೇಳಿದೆ. "ಮಮ್ಮಿಗೆ ಬೈಬೇಡ, ಶರೋನ್. ಚಿಕಿತ್ಸೆ ಬೇಡ, ಯಾರಿಗೂ ಹೇಳಬೇಡ ಅಂದದ್ದು ನಾನು."

ಮಮ್ಮಿ ಎರಡು ಸಲ ಊಟಕ್ಕೆ ಕರೆದಳು. ಹೋಗಲಿಲ್ಲ. ಸಿಟ್ಟು ಇಳಿದಿಲ್ಲ, ಈಗ ಇಬ್ಬರ ಮೇಲೂ ಇದೆ. ಇವತ್ತೂ ಸೇದಿಲ್ಲ. ಅದು ಅವರಿಗೋಸ್ಕರ ಅಲ್ಲ. ಸೋಮವಾರ ಡಾಕ್ಟರ ಹತ್ತಿರ ಒಬ್ಬಳೇ ಹೋಗುತ್ತೇನೆ.