ಬಟ್ಟಲಿನ ಮೇಲೆ ಕೈ

ಹೋಲ್ಟ್ಸ್ ಫೆರ್ರಿ, ಪೆನ್ಸಿಲ್ವೇನಿಯಾ
ಮಾರ್ಚ್ 18, ಸೋಮವಾರ

ಪ್ರೀತಿಯ ತಮ್ಮ ಸಿರಿಲ್‌ಗೆ,

ನಿನ್ನ ಅಕ್ಕ ಲುದ್ಮಿಲಾಳ ಆಶೀರ್ವಾದ. ಕ್ರಿಸ್ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಬೆರಳು ಊದಿಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಅದು ಅರ್ಧ ನಿಜ. ಇನ್ನರ್ಧ, ಬರೆಯಲು ಮನಸ್ಸಿರಲಿಲ್ಲ. ಈಗ ಬರೆಯದೆ ವಿಧಿಯಿಲ್ಲ.

ಊರೆಲ್ಲ ನಿನ್ನ ಉಂಗುರಕ್ಕೆ ಮುತ್ತಿಟ್ಟು ಮಹಾಸ್ವಾಮಿಗಳೇ ಅನ್ನುತ್ತದೆ. ಅಮ್ಮ ತೀರಿಕೊಂಡಾಗ ನಿನ್ನ ಮೂಗು ಒರೆಸಲೆಂದು ಶಾಲೆ ಬಿಟ್ಟವಳು ನಾನು. ಆದ್ದರಿಂದ ನನ್ನ ಬರಹವೂ ನೆಟ್ಟಗಿಲ್ಲ, ಬಾಯಿಯೂ ನೆಟ್ಟಗಿಲ್ಲ. ನೀನು ಬಿಷಪ್ ಆದರೇನು, ಕೂತು ಪೂರ್ತಿ ಓದು.

ನಾನು ಕ್ಷೇಮ. ಮಂಡಿ ನೋವು ಇದ್ದ ಹಾಗೇ ಇದೆ. ಹಿಮ ಕರಗಿತು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಕಡುಬು ಮಾಡಿ ಮಾರುವುದು ಈ ವರ್ಷವೂ ನಡೆದಿದೆ. ಕೈಗಳು ಮಾತ್ರ ಕಡಿಮೆಯಾಗಿವೆ. ಎಂಟು ಜನ ಮುದುಕಿಯರು ಉಳಿದಿದ್ದೇವೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಸಕಿ ರೋಸಲಿಂಡ್ ಹಾವ್ರಿಲಾ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿಗೆ ಓಟು ಹಾಕಿದಳೆಂದು ನೀನು ಎಲ್ಲ ಚರ್ಚುಗಳಿಗೂ ಕಾಗದ ಕಳಿಸಿದೆಯಲ್ಲ, ಅವಳು ಪರಮಪ್ರಸಾದಕ್ಕೆ ಬರಬಾರದು, ಬಂದರೂ ಕೊಡಬಾರದು ಅಂತ. ಫಾದರ್ ಒಬಿನ್ನ ಅದನ್ನು ಪೂಜೆಗೆ ಮೊದಲು ನಮಗೆ ಓದಿ ಹೇಳಿದರು. ನಮಗೆ ಅಂದರೆ, ಅವರ ಜೊತೆ ನಿಂತು ಪ್ರಸಾದ ಹಂಚುವ ನನಗೂ ಇನ್ನಿಬ್ಬರಿಗೂ. ನನಗೇನೂ ತಪ್ಪು ಕಾಣಲಿಲ್ಲ. ಅವಳು ಹಾಕಿದ ಓಟು ನನಗೂ ಸರಿಬಂದಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಅವಳು ಬಂದಳು. ನನ್ನ ಸಾಲಿಗೇ ಬಂದಳು. ಆ ಕಾಗದ ಕೇಳಿದಾಗಿನಿಂದ ಅವಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ, ಮುಖ ಕಂಡದ್ದೇ ತಡ ರಕ್ತ ತಲೆಗೇರಿತು. ನೊಣ ಕೂರದ ಹಾಗೆ ಪಾತ್ರೆ ಮುಚ್ಚುತ್ತಾರಲ್ಲ, ಹಾಗೆ ಪ್ರಸಾದದ ಬಟ್ಟಲಿನ ಮೇಲೆ ಅಂಗೈ ಇಟ್ಟು ‘ನಿನಗಿಲ್ಲ, ಹೋಗು’ ಅಂದುಬಿಟ್ಟೆ. ಮೆಲ್ಲಗೆ ಹೇಳುವ ಗಂಟಲು ದೇವರು ನನಗೆ ಕೊಟ್ಟಿಲ್ಲ. ಹಿಂದಿನ ಐದು ಸಾಲಿಗೂ ಕೇಳಿಸಿತು.

ಅವಳು ಕದಲಲಿಲ್ಲ. ‘ನಾನು ಕೇಳಲೇ ಇಲ್ಲವಲ್ಲ ಆಂಟಿ’ ಅಂದಳು.

ಆಗ ನೋಡಿದೆ. ಅವಳ ಎರಡು ತೋಳೂ ಎದೆಯ ಮೇಲೆ ಅಡ್ಡಲಾಗಿದ್ದವು. ಪ್ರಸಾದ ಬೇಡ, ಆಶೀರ್ವಾದ ಸಾಕು ಅನ್ನುವವರು ಹಾಗೆ ಬರುತ್ತಾರೆ ಅಂತ ಏಳು ವರ್ಷದ ಮಕ್ಕಳಿಗೂ ಗೊತ್ತು. ನಾನು ಮುಖ ನೋಡಿದೆ, ಕೈ ನೋಡಲಿಲ್ಲ. ನಿನ್ನ ಮಾತನ್ನು ಅವಳು ಪಾಲಿಸಿಯೇ ಬಂದಿದ್ದಳು, ಸಿರಿಲ್. ತಿರುಗಿ ಪಕ್ಕದ ಬಾಗಿಲಿನಿಂದ ಹೊರಟುಹೋದಳು.

ಶುಕ್ರವಾರ ನೆಲಮಾಳಿಗೆಯಲ್ಲಿ, ನಮ್ಮ ಎಂಟು ಜನರಲ್ಲಿ ಒಬ್ಬಳಾದ ಡೊಲೊರೆಸ್, ‘ಸರಿಯಾಗಿ ಮಾಡಿದ್ರಿ ಬಿಡಿ, ಬಿಷಪ್ಪರ ಅಕ್ಕ ಅಂದ್ರೆ ಹೀಗಿರಬೇಕು’ ಅಂದಳು. ‘ಮೊದಲು ನಿನ್ನ ಕಡುಬಿನ ಬಾಯಿ ಗಟ್ಟಿಯಾಗಿ ಮುಚ್ಚು, ನೀರಿಗೆ ಹಾಕಿದರೆ ಒಡೆಯುತ್ತೆ’ ಅಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಡೊಲೊರೆಸ್ ಹೊಗಳಿದಳೆಂದರೆ ನಾನು ಏನೋ ಕೆಟ್ಟದ್ದು ಮಾಡಿದ್ದೇನೆ ಅಂತಲೇ ಅರ್ಥ.

ಫಾದರ್ ಒಬಿನ್ನರನ್ನು ಕೇಳಿದೆ. ‘ಇಂಥ ಕಾಗದ ಬರೆಯೋಕೆ ಮುಂಚೆ ಬಿಷಪ್ ಏನು ಮಾಡಬೇಕು?’

‘ಕರೆದು ಕೂರಿಸಿಕೊಳ್ಳಬೇಕಮ್ಮ. ತಿಳಿಸಿ ಹೇಳಬೇಕು. ಕೇಳದಿದ್ದರೆ ಎಚ್ಚರಿಸಬೇಕು. ಪ್ರಸಾದ ನಿಲ್ಲಿಸೋದು ಕಟ್ಟಕಡೆಗೆ.’

‘ನನ್ನ ತಮ್ಮ ಕರೆದನಾ?’

ಅವರು ಕನ್ನಡಕ ತೆಗೆದು ಒರೆಸಿದರು. ‘ಅದನ್ನ ನೀವೇ ಅವರನ್ನ ಕೇಳಿ. ನನ್ನನ್ನ ಇನ್ನೂ ಚಳಿ ಇರೋ ಊರಿಗೆ ವರ್ಗ ಮಾಡಿಸಬೇಡಿ.’

ನಿನ್ನನ್ನು ಕೇಳುವ ಬದಲು ಶನಿವಾರ ಅವಳ ಮನೆಗೇ ಹೋದೆ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದಳು. ‘ಬೈಯೋದು ಇನ್ನೂ ಬಾಕಿ ಇದೆಯಾ ಆಂಟಿ?’ ಅಂದಳು.

‘ಇದೆ. ಅದಕ್ಕೆ ಮೊದಲು ಕ್ಷಮೆ ಕೇಳೋದಿದೆ. ಕಾಲು ನೋಯ್ತಿದೆ, ಒಳಗೆ ಬಿಡು.’

ಕಾಫಿ ಕೊಟ್ಟಳು, ಕಲಗಚ್ಚಿನ ಹಾಗಿತ್ತು. ನಾನು ಮೊದಲು ಕ್ಷಮೆ ಕೇಳಿದೆ, ಆಮೇಲೆ ಬೈದೆ. ಹುಟ್ಟಲಿರುವ ಕೂಸಿನ ಪರವಾಗಿ ಮಾತಾಡಲು ನಿನ್ನಂಥವಳೂ ಇಲ್ಲದಿದ್ದರೆ ಇನ್ನು ಯಾರು ಅಂದೆ. ಅವಳು ಉತ್ತರ ಕೊಟ್ಟಳು. ತನ್ನ ಹತ್ತಿರ ಬಂದು ಅತ್ತ ಹೆಂಗಸರ ಕಥೆ ಹೇಳಿದಳು. ನಾನು ಒಪ್ಪಲಿಲ್ಲ, ಅವಳೂ ಬಿಡಲಿಲ್ಲ. ಒಂದೂವರೆ ಗಂಟೆ ಕಚ್ಚಾಡಿದೆವು. ಕೊನೆಗೆ ಅವಳೇ ಅಂದಳು, ‘ನೋಡಿ, ನೀವು ಎದುರಿಗೆ ಕೂತು ಬೈದ್ರಿ. ಬಿಷಪ್ಪರು ಆಫೀಸಿನ ಕಾಗದದಲ್ಲಿ ಬೈದ್ರು. ಎರಡು ಸಲ ಭೇಟಿಗೆ ಕೇಳಿದೆ ಆಂಟಿ. ಮಾನ್ಯರಿಗೆ ಬಿಡುವಿಲ್ಲ ಅಂತ ಕಾರ್ಯದರ್ಶಿಯಿಂದ ಉತ್ತರ ಬಂತು.’

‘ಪೇಪರಿನವರಿಗೆ ಹೇಳಬಹುದಿತ್ತಲ್ಲ?’

‘ಪಕ್ಷದವರು ಅದನ್ನೇ ಹೇಳ್ತಾರೆ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಒಂದು ಹನಿ ಕಣ್ಣೀರು ಹಾಕು, ಚುನಾವಣೆ ನಿನ್ನದೇ ಅಂತ. ನಮ್ಮಮ್ಮನ ಶವಪೆಟ್ಟಿಗೆಯನ್ನ ಅಪ್ಪ ಹೊತ್ತು ಇಳಿಸಿದ ಮೆಟ್ಟಿಲು ಅದು. ಅಲ್ಲಿ ನಾಟಕ ಆಡಲಾ?’

ಸಿರಿಲ್, ಅವಳಿಗೆ ಪ್ರಸಾದ ಕೊಡು ಅಂತ ನಾನು ಹೇಳುತ್ತಿಲ್ಲ. ಕೊಡಬೇಡ ಅಂತಲೂ ಹೇಳುತ್ತಿಲ್ಲ. ಅದು ನಿನ್ನ ಹೆಗಲ ಮೇಲೆ ಇಟ್ಟ ಭಾರ, ಅದಕ್ಕೇ ನಿನ್ನ ಕೈಗೆ ಕುರಿ ಕಾಯುವ ಕೋಲು ಕೊಟ್ಟಿದ್ದಾರೆ. ಆದರೆ ನೀನು ಅದನ್ನು ಒಂದು ಹಾಳೆಯಲ್ಲಿ ಮಡಚಿ ಅಂಚೆಗೆ ಹಾಕಿದೆ. ಅದು ಇಳಿದು ಇಳಿದು ಒಬ್ಬ ಸಿಡುಕು ಮುದುಕಿಯ ಅಂಗೈಗೆ ಬಂತು. ಅವಳ ಆತ್ಮದ ಚಿಂತೆ ನಿನಗೆ ನಿಜವಾಗಿ ಇದ್ದರೆ ಮುಖ ಕೊಟ್ಟು ಮಾತಾಡು. ‘ಮಾತಾಡಿದ ಮೇಲೂ ಅವರು ಇಲ್ಲ ಅಂದರೆ ನಾನು ತಡೆದುಕೋತೀನಿ, ಕಾಯ್ತೀನಿ’ ಅಂತ ಅವಳೇ ನನಗೆ ಹೇಳಿದ್ದಾಳೆ. ಅದು ಸಣ್ಣ ಮಾತಲ್ಲ. ಆ ಹುಡುಗಿ ಇನ್ನೂ ಬಾಗಿಲು ಹಾಕಿಕೊಂಡಿಲ್ಲ. ನೀನೂ ಹಾಕಿಕೊಂಡಿಲ್ಲ ಅಂತ ನಾನು ಅವಳಿಗೆ ಮಾತು ಕೊಟ್ಟು ಬಂದಿದ್ದೇನೆ. ನನ್ನನ್ನು ಸುಳ್ಳಿ ಮಾಡಬೇಡ.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ನನ್ನ ಮನೆಗೆ ಊಟಕ್ಕೆ ಬರುತ್ತಾಳೆ. ನೀನೂ ಬಾ. ಕಾರ್ಯದರ್ಶಿ ಬೇಡ. ಎಲೆಕೋಸಿನ ಸಾರು, ರೈ ಬ್ರೆಡ್ಡು ಇರುತ್ತದೆ. ಊಟ ಬಡಿಸಿ ನಾನು ಪಕ್ಕದ ಮನೆಗೆ ಹೋಗುತ್ತೇನೆ. ಇಬ್ಬರೂ ಎಷ್ಟು ಹೊತ್ತು ಬೇಕಾದರೂ ಜಗಳಾಡಿ, ಪಾತ್ರೆ ಮಾತ್ರ ಒಡೆಯಬೇಡಿ.

ಪ್ರಸಾದ ಹಂಚುವ ಕೆಲಸ ಬಿಟ್ಟಿದ್ದೇನೆ. ಪಾಪನಿವೇದನೆ ಮಾಡಿದೆ. ‘ಈಸ್ಟರ್ ಆದಮೇಲೆ ವಾಪಸ್ ಬನ್ನಿ, ಕಣ್ಣು ತೋರಿಸಿಕೊಂಡು ಬನ್ನಿ’ ಅಂದರು ಫಾದರ್. ಒಳ್ಳೆಯ ಮನುಷ್ಯ. ಅವರನ್ನು ವರ್ಗ ಮಾಡಬೇಡ.

ಬಿಪಿ ಮಾತ್ರೆ ತಪ್ಪಿಸಬೇಡ. ಉಪವಾಸ ಅಂತ ಹಟ ಹಿಡಿದು ಬರೀ ಕಾಫಿ ಕುಡಿದುಕೊಂಡು ಇರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕುರಿಗಳನ್ನೂ ಚೆನ್ನಾಗಿಟ್ಟಿರಲಿ, ಓಟು ಹಾಕಿದವುಗಳನ್ನೂ ಸೇರಿಸಿ.

ನಿನ್ನ ಅಕ್ಕ,
ಲುದ್ಮಿಲಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಆ ‘ನಿನಗಿಲ್ಲ’ ನಿನ್ನ ಆಜ್ಞೆಯಿಂದ ಬಂದದ್ದಲ್ಲ. ನನ್ನ ಗಂಡ ವಾಲ್ಟರ್ ಮೊದಲ ಹೆಂಡತಿಯನ್ನು ಬಿಟ್ಟವನು, ಅವಳು ಬದುಕಿದ್ದಳು. ಅವನನ್ನು ಮದುವೆಯಾದ ದಿನದಿಂದ ಅವನು ಸಾಯುವವರೆಗೆ ಹತ್ತೊಂಬತ್ತು ವರ್ಷ ನಾನು ಪ್ರಸಾದ ಮುಟ್ಟಲಿಲ್ಲ. ಅಂಥವನನ್ನು ಕಟ್ಟಿಕೊಂಡವಳಿಗೆ ಪ್ರಸಾದವಿಲ್ಲ ಅನ್ನುವ ನಿಯಮ ಗೊತ್ತಿದ್ದೇ ಮದುವೆಯಾದೆ, ಅದಕ್ಕೆ ನಿನ್ನನ್ನು ದೂರುವುದಿಲ್ಲ. ಆದರೆ ನೀನು ಗುರುವಾಗಿ ನಮ್ಮ ಚರ್ಚಿನಲ್ಲಿ ಮೊದಲ ಪೂಜೆ ಮಾಡಿದ ದಿನ ಊರೆಲ್ಲ ಎದ್ದು ನಿನ್ನ ಹತ್ತಿರ ಬಂದಿತು, ನಿನ್ನನ್ನು ಬೆಳೆಸಿದ ನಾನೊಬ್ಬಳೇ ಬೆಂಚಿನಲ್ಲಿ ಉಳಿದೆ. ಪೂಜೆ ಮುಗಿದ ಮೇಲೆ ನೀನು ನನ್ನ ಹತ್ತಿರ ಬರಲಿಲ್ಲ. ಆ ಹತ್ತೊಂಬತ್ತು ವರ್ಷದಲ್ಲಿ ‘ಹೇಗಿದೆ ಅಕ್ಕ, ಕಷ್ಟ ಆಗುತ್ತಾ’ ಅಂತ ಒಂದು ಸಲವೂ ಕೇಳಲಿಲ್ಲ. ಅವತ್ತು ಸಾಲಿನಲ್ಲಿ ಅವಳನ್ನು ಕಂಡಾಗ, ನಾನು ಅಷ್ಟು ವರ್ಷ ಕೂತಿರಲಿಲ್ಲವೇ, ಇವಳು ಯಾವ ದೊಡ್ಡವಳು ಅನ್ನಿಸಿತು. ಆ ಸಿಟ್ಟು ಅವಳಿಗಲ್ಲ, ನಿನಗೆ ಸೇರಬೇಕಾದದ್ದು. ನಿನಗಾಗ ಇಪ್ಪತ್ತಾರು ವರ್ಷ, ಏನು ಹೇಳಬೇಕೋ ತಿಳಿಯದೆ ಹೆದರಿದ್ದೆ ಅಂತ ಈಗ ಅರ್ಥವಾಗುತ್ತದೆ. ಗುರುವಾರ ರೋಸಲಿಂಡ್ ಬರುವುದು ಹನ್ನೆರಡಕ್ಕೆ. ನೀನು ಹನ್ನೊಂದಕ್ಕೇ ಬಾ. ಆ ಒಂದು ಗಂಟೆ ನನ್ನದು.