ಪ್ಯಾನೆಲ್ಲಿಗೆ ಹಚ್ಚಿದ ವಿಭೂತಿ

ಸೆಪ್ಟೆಂಬರ್ 29, ಸೋಮವಾರ

ಕೋಗಳಿ ರೂಟಿನ ಹಾಲು ಬಂತು. ಇಟ್ಟಿಗಿ ರೂಟಿನದು ಎಂದಿನಂತೆ ಲೇಟು. ಟ್ಯಾಂಕ್ ನಾಲ್ಕು ಡಿಗ್ರಿಯಲ್ಲೇ ನಿಂತಿದೆ, ಅಲ್ಲಾಡಿಲ್ಲ. ಯಾರ ಕಂಟ್ರೋಲ್ ಪ್ಯಾನೆಲ್? ನನ್ನದು!

ಹಗರಿಬೊಮ್ಮನಹಳ್ಳಿಯ ಈ ಡೇರಿಗೆ ನಾನೇ ಕೂತು ಕಟ್ಟಿದ್ದು. ಟ್ಯಾಂಕಿನ ಸೆನ್ಸರ್ ಕಳಿಸುವ ಸಣ್ಣ ಸಿಗ್ನಲ್ಲನ್ನು ತಿದ್ದಿ ಹಾಲು ತಣ್ಣಗಿಡುವ ಕಂಪ್ರೆಸರಿಗೆ ಮುಟ್ಟಿಸುವ ಎಲೆಕ್ಟ್ರಾನಿಕ್ ಕಾರ್ಡುಗಳು. ಕಾರ್ಡಿಗೆ ಕರೆಂಟ್ ತಪ್ಪಿದರೆ ಕಂಪ್ರೆಸರ್ ನಿಲ್ಲುತ್ತದೆ, ಹಾಲು ಒಡೆಯುತ್ತದೆ. ಅದಕ್ಕೇ ಪವರ್ ಸಪ್ಲೈ ಎರಡು — ಎ ಮತ್ತು ಬಿ. ಒಂದು ಸತ್ತರೆ ಇನ್ನೊಂದು.

ಮಾಲೀಕರು ಪಾಲಾಕ್ಷಪ್ಪನವರಿಗೆ ಇನ್ನೂ ಅನುಮಾನ. "ದೀಪಾವಳಿ ಮಟ ನೋಡ್ತೀನವ್ವ ಅರ್ಚನಾ. ಹಾಲು ಕೆಡಲಿಲ್ಲಂದ್ರ ಹರಪನಹಳ್ಳಿ ಸೆಂಟರಿಗೂ ನಿಂದ ಪ್ಯಾನೆಲ್. ಕೆಟ್ಟಿತೋ, ಹೊರಗಿನ ಕಂಪನಿಯವರು ಬರ್ತಾರ."

ನೋಡಲಿ. ಹೆದರುವವಳು ನಾನಲ್ಲ.

ಅಕ್ಟೋಬರ್ 1, ಆಯುಧ ಪೂಜೆ

ಆಪರೇಟರ್ ಗಂಗಪ್ಪ ಕುಂಬಳಕಾಯಿ ಒಡೆದ. ಪ್ಯಾನೆಲ್ಲಿಗೆ ಮಾತ್ರ ಯಾರನ್ನೂ ಬಿಡಲಿಲ್ಲ, ನಾನೇ ಬಾಗಿಲು ತೆಗೆದು ಎರಡೂ ಸಪ್ಲೈಗಳ ಮುಖಕ್ಕೆ ವಿಭೂತಿ ಎಳೆದೆ. ದಪ್ಪಗೆ, ಮೂರು ಬೆರಳಲ್ಲಿ. ನಡುವೆ ಕುಂಕುಮ.

ನಾನು ಕಳಿಸಿದ ಫೋಟೊ ನೋಡಿ ಅವ್ವ ಫೋನ್ ಮಾಡಿದಳು. "ಪೆಟ್ಟಿಗೀನ ಮದುಮಗಳಂಗ ಮಾಡೀಯಲ್ಲೇ!"

ಅಕ್ಟೋಬರ್ 14

ಬರೆಯದೆ ಎಷ್ಟು ದಿನ ಆಯಿತು... ಹಬ್ಬ, ಕೊಟ್ಟೂರಿನ ನೆಂಟರು, ಗುಡುಗು ಮಳೆ.

ಇವತ್ತು ಧೂಳು ಒರೆಸೋಣ ಅಂತ ಪ್ಯಾನೆಲ್ ತೆಗೆದೆ. ಒಣಗಿದ ವಿಭೂತಿಗೆ ಒದ್ದೆ ಬಟ್ಟೆ ತಾಗಿಸಿದೆ. ಅದರಡಿ ಕೆಂಪು ಲೈಟ್! ಸಪ್ಲೈ ಎ ಸತ್ತಿದೆ. ಯಾವತ್ತು ಸತ್ತಿತೋ... ಸಿಡಿಲು ಹೊಡೆದ ಸಂಜೆ ಇರಬೇಕು. ಫಾಲ್ಟ್ ಲೈಟ್ ಪಾಪ ಅವತ್ತಿನಿಂದ ಉರೀತಾನೇ ಇದೆ. ಅದರ ಕಣ್ಣು ಮುಚ್ಚಿದವಳು ನಾನು.

ಓಡಿ ಟ್ಯಾಂಕಿನ ಮೀಟರ್ ನೋಡಿದೆ. ನಾಲ್ಕು ಡಿಗ್ರಿ! ಬಿ ಒಂದೇ ಇಷ್ಟೂ ದಿನ ಹೊತ್ತುಕೊಂಡು ಬಂದಿದೆ. ನಾಚಿಕೆಯೂ ಆಯಿತು, ಆದರೆ ಹೆಮ್ಮೆ ಒಂದು ಕೈ ಮೇಲೇ. ಸುಳ್ಳು ಯಾಕೆ ಬರೆಯಲಿ.

ಗಂಗಪ್ಪನಿಗೆ ಚಿಂತೆಯೇ ಇಲ್ಲ. "ಹಾಲು ತಣ್ಣಗೈತಲ್ರಿ ಮೇಡಂ, ಮತ್ತೇನಾತು?"

"ಬಿ ನೂ ಹೋಗಿದ್ರ?"

ಟಾರ್ಚ್ ಹಿಡಿದು ಪಕ್ಕಕ್ಕೆ ಬಂದ. ಸ್ಪೇರ್ ಇತ್ತು, ಎ ಬದಲಾಯಿಸಿದೆ.

ಅಕ್ಟೋಬರ್ 15

ಪಾಲಾಕ್ಷಪ್ಪನವರಿಗೆ ಎಲ್ಲ ಹೇಳಿಬಿಟ್ಟೆ. ಬೇರೆಯವರ ಬಾಯಿಂದ ಕೇಳುವುದು ಬೇಡ. ಸೈರನ್ ಬೇಕು ಅಂತಲೂ ಹೇಳಿದೆ — ಯಾವ ಸಪ್ಲೈ ಸತ್ತರೂ ಕೂಗಬೇಕು, ಅದಕ್ಕೆ ಅದರದೇ ಬ್ಯಾಟರಿ.

"ಹಾಲೇ ಕೆಟ್ಟಿಲ್ಲ. ಊರಿಗೆಲ್ಲ ಡಂಗುರ ಹೊಡೀಬೇಕೇನು?"

"ಹೌದ್ರಿ. ಹೊಡೀಲೇಬೇಕು."

ದುರುಗುಟ್ಟಿ ನೋಡಿದರು. ಬೇಡ ಅನ್ನಲಿಲ್ಲ. ಸಂಜೆಯೇ ಕೂರಿಸಿದೆ.

ಅಕ್ಟೋಬರ್ 20, ನರಕ ಚತುರ್ದಶಿ

ಹಬ್ಬದ ಹಾಲು, ಟ್ಯಾಂಕ್ ಕಂಠಮಟ್ಟ. ಪಾಲಾಕ್ಷಪ್ಪನವರು ಹೇಳದೆ ಕೇಳದೆ ಬಂದರು, ಸೀದಾ ಪ್ಯಾನೆಲ್ಲಿಗೆ ಹೋಗಿ ಸಪ್ಲೈ ಬಿ ಸ್ವಿಚ್ ಆರಿಸಿಯೇಬಿಟ್ಟರು!

ಸೈರನ್ ಹೊಡೆದುಕೊಂಡಿತು ನೋಡು. ಹಿಂದಿನ ಕ್ವಾರ್ಟರ್ಸಿನಿಂದ ಗಂಗಪ್ಪ ಮೈಯೆಲ್ಲ ಎಣ್ಣೆ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಓಡಿಬಂದ. ಮೀಟರ್ ಕದಲಲಿಲ್ಲ. ನಾಲ್ಕಂದರೆ ನಾಲ್ಕು.

ಮಾಲೀಕರು ಕಿವಿ ಮುಚ್ಚಿಕೊಂಡರು. "ನಿಲ್ಲಿಸವ್ವ ತಾಯಿ! ಹರಪನಹಳ್ಳಿಗೂ ನೀನೇ ಮಾಡು. ಪೀಪಿ ಮಾತ್ರ ಸಣ್ಣದಿರಲಿ."

"ಸಣ್ಣದಾಗಂಗಿಲ್ರಿ" ಅಂದೆ. ಒಳಗೊಳಗೇ ಕುಣಿದಾಡುವಷ್ಟು ಖುಷಿ.

ಸ್ವಿಚ್ ಹಾಕಿ ಅವರನ್ನು ಕಳಿಸಿದೆ. ಹರಪನಹಳ್ಳಿಗೂ ಎರಡು ಸಪ್ಲೈ ಇಡುತ್ತೇನೆ, ಕರೆಂಟಿನ ಬೇರೆ ಬೇರೆ ಫೇಸಿನಿಂದ. ಬಾಗಿಲ ಮೇಲೆ ನನ್ನ ಹೆಸರಿನ ತಗಡು, ದೊಡ್ಡ ಅಕ್ಷರದಲ್ಲಿ —

ಸೈರನ್! ಈ ಸಲ ಯಾರೂ ಸ್ವಿಚ್ ಮುಟ್ಟಿಲ್ಲ, ಯಾವುದೋ ಸಪ್ಲೈ ನಿಜವಾಗಿಯೇ ಸತ್ತಿದೆ. ಮೀಟರ್ ನಾಲ್ಕೇ. ಕರೀತಿದೆ ನನ್ನನ್ನು... ಬಂದೆ ಬಂದೆ, ಟೆಸ್ಟರ್ ಎಲ್ಲಿಟ್ಟೆ