ಕನ್ನಡದಲ್ಲಿ ಕೂಗಿದ್ದು

ನವೆಂಬರ್ 6, ಗುರುವಾರ

ಇವರ ಯೂನಿಫಾರ್ಮ್ ನಾಲ್ಕು ಜೊತೆ ಇಸ್ತ್ರಿ ಆಯ್ತು. ಇನ್ನೆರಡು ಬಾಕಿ. ಸಂಜೆ ಕುಕ್ಕರ್ ಕೂಗುವಾಗ ಪಕ್ಕಕ್ಕೆ ಬಂದು ನಿಂತು ಹೇಳಿದರು — ಬುಧವಾರ ಬೆಳಿಗ್ಗೆ. ವಾಪಸ್ ಸಂಕ್ರಾಂತಿ ಕಳೆದ ಮೇಲೆ. ಅಷ್ಟೇ. ಹಡಗು ಹೊರಡುವ ದಿನ ಮನೆಯವರಿಗೂ ಹೇಳಬಾರದು ಅಂತ ರೂಲ್ಸು. ಫೋನಲ್ಲಂತೂ ಸೊಲ್ಲೆತ್ತುವ ಹಾಗಿಲ್ಲ. ಆದರೂ ನೇವಿ ಹೆಂಡತಿಯರಿಗೆಲ್ಲ ಹೇಗೋ ಗೊತ್ತಿರುತ್ತೆ. ನಮ್ಮಿಬ್ಬರಿಗೆ ಇನ್ನೊಂದು ಅನುಕೂಲ. ಲಿಫ್ಟಲ್ಲಿ, ಆಟೋದಲ್ಲಿ, ತರಕಾರಿ ಅಂಗಡಿಯಲ್ಲಿ ಏನು ಬೇಕಾದರೂ ಮಾತಾಡಿಕೊಳ್ಳಬಹುದು. ಈ ತೆಲುಗು ಊರು ಗಾಜುವಾಕದಲ್ಲಿ ಕನ್ನಡ ಯಾರಿಗೆ ಅರ್ಥವಾಗಬೇಕು? ಆರು ವರ್ಷದಿಂದ ಹೀಗೇ ನಡೆದಿದೆ.

ತಮ್ಮ ಅಭಿಷೇಕ್ ಫೋನ್ ಮಾಡಿದ್ದ. ಅವನ ಬ್ಯಾಂಡು ಶನಿವಾರ ಇಲ್ಲಿ, ಭಾನುವಾರ ವಿಜಯವಾಡದಲ್ಲಿ. ಸ್ಕಾ ಅನ್ನೋ ಸಂಗೀತವಂತೆ. ಹಾಗಂದ್ರೆ ಏನೋ ಅಂದೆ. ರೆಗೆಗೆ ಅಜ್ಜ ಅಂದ. ನನಗೆ ಮೊಮ್ಮಗನ ಪರಿಚಯವೇ ಇಲ್ಲ. ಹೋಗ್ತೀನಿ. ಎರಡು ತಿಂಗಳು ಒಬ್ಬಳೇ ಗೋಡೆ ನೋಡಿಕೊಂಡು ಕೂರೋದು ಇದ್ದೇ ಇದೆ.

ನವೆಂಬರ್ 9, ಭಾನುವಾರ. ಬೆಳಿಗ್ಗೆ

ಮೀನಖಂಡ ಹಿಡ್ಕೊಂಡಿದೆ. ಕುಣಿದೆ ನಿನ್ನೆ. ಮದುವೆಯಾದ ಮೇಲೆ ಮೊದಲ ಸಲ.

ಇವರಿಗೆ ಡ್ಯೂಟಿ. ಒಬ್ಬಳೇ ಹೋದೆ. ಬೀಚ್ ರೋಡ್ ಹಿಂದಿನ ಬೀದಿ, ಮೊದಲನೇ ಮಹಡಿಯಲ್ಲೊಂದು ಕ್ಲಬ್ಬು. ಎಪ್ಪತ್ತು ಜನ, ಎರಡು ಎಸಿ, ಅದರಲ್ಲೊಂದು ಕೆಟ್ಟಿದೆ. ತಾಳ ಎಲ್ಲಿ ಬೀಳಬೇಕೋ ಅಲ್ಲಿ ಗಿಟಾರ್ ಸುಮ್ಮನಿರುತ್ತೆ, ನಡುವಿನ ಖಾಲಿಯಲ್ಲಿ ಚಕ್... ಚಕ್... ಅನ್ನುತ್ತೆ. ಮೇಲೆ ಟ್ರಂಪೆಟ್, ಸ್ಯಾಕ್ಸು. ಬೇಡ ಅಂದರೂ ಕಾಲು ಏಳುತ್ತೆ. ಮೊದಲು ಲೋಕಲ್ ಬ್ಯಾಂಡು. ಅಭಿ ಟ್ರಾಂಬೋನ್ ಹಿಡಿದುಕೊಂಡು, ತನ್ನ ಸರದಿ ಕಾಯುತ್ತಾ ನನ್ನ ಪಕ್ಕ ನಿಂತಿದ್ದ. ಆಗಲೇ ಎಡವಟ್ಟಾಯ್ತು.

ಡಿಸೆಂಬರಲ್ಲಿ ಅವನ ನಿಶ್ಚಿತಾರ್ಥ. ಭಾವ ಬರೋಲ್ಲ ಅಂದಿದ್ದಕ್ಕೆ ಮುಖ ಊದಿಸಿಕೊಂಡ. ನಮ್ಮನೆ ಕಾರ್ಯ ಅಂದರೆ ಅವರಿಗೆ ಯಾವಾಗಲೂ ಅಸಡ್ಡೆ ಅಂದ. ಸಿಟ್ಟು ಬಂತು ನನಗೆ. ಕಿವಿ ಹತ್ತಿರ ಕೂಗಿದೆ. ಕೇಳಿಸಲಿಲ್ಲ ಅಂದ. ಮತ್ತೆ ಕೂಗಿದೆ. ಮೂರನೇ ಸಲ ಇದ್ದಬದ್ದ ಉಸಿರೆಲ್ಲ ತುಂಬಿಕೊಂಡು—

“ಬುಧವಾರ ಬೆಳಿಗ್ಗೆ ಇವರ ಹಡಗು ಹೊರಡುತ್ತೆ ಕಣೋ, ಬರೋದು ಸಂಕ್ರಾಂತಿ ಕಳೆದ ಮೇಲೇ.”

ಅದೇ ಹೊತ್ತಿಗೆ ಬ್ಯಾಂಡು ಗಕ್ಕನೆ ನಿಂತಿತು. ಹಾಡು ಮುಗಿದದ್ದಲ್ಲ. ಈ ಸಂಗೀತದಲ್ಲಿ ಹಾಗೆ ನಡುವೆ ನಿಲ್ಲಿಸಿ ಮತ್ತೆ ಹೊಡೆಯುತ್ತಾರಂತೆ. ಇಡೀ ಕ್ಲಬ್ಬಿನಲ್ಲಿ ನನ್ನ ಗಂಟಲೊಂದೇ. ಎಲ್ಲ ನಕ್ಕರು, ನಾನೂ ನಕ್ಕೆ. ಕನ್ನಡ ತಾನೇ.

ಒಬ್ಬ ಮಾತ್ರ ನಗಲಿಲ್ಲ. ನೀರಿನ ಬಾಟಲಿ ತಂದುಕೊಟ್ಟು, ಹಾಸನದ ಕಡೆಯವರಾ ಅಕ್ಕ ಅಂತ ಕೇಳಿದ. ತಿರುಮಲೇಶ್. ದಾವಣಗೆರೆಯವನಂತೆ. ಇಲ್ಲೇ ಹತ್ತಿರದ ಅಚ್ಯುತಾಪುರಂನಲ್ಲಿ ಔಷಧಿ ಫ್ಯಾಕ್ಟರಿ ಕೆಲಸ. ಒಳ್ಳೆ ರಾಗಿ ಹಿಟ್ಟು ಎಲ್ಲಿ ಸಿಗುತ್ತೆ ಅಂದ. ನಮ್ಮ ಬಿಲ್ಡಿಂಗ್ ಕೆಳಗೇ ಅಂತ ಅಂಗಡಿ ಹೆಸರೂ ಹೇಳಿದೆ. ಅಭಿ ಊದುವಾಗ ವಿಡಿಯೋ ಮಾಡಿದ. ಕಳಿಸೋಕೆ ನಂಬರ್ ಕೇಳಿದ, ಕೊಟ್ಟೆ. ಪರವೂರಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆಣ್ಣೆ ಥರ ಕರಗಿಹೋಗ್ತೀನಿ.

ಹಲ್ಲುಜ್ಜುವಾಗ ಹೊಳೆಯಿತು. ನಾನು ಕೂಗಿದ್ದೂ ಅವನಿಗೆ ಅರ್ಥವಾಗಿರುತ್ತಲ್ಲ. ಇರಲಿ... ನಮ್ಮವನೇ.

ನವೆಂಬರ್ 10, ಸೋಮವಾರ. 11.20

ಅಭಿ ವಿಜಯವಾಡದಿಂದ ಫೋನ್. ಷೋ ಚೆನ್ನಾಗಾಯ್ತಂತೆ. ನಿನ್ನ ಫ್ರೆಂಡ್ ತಿರುಮಲೇಶ್ ಇಲ್ಲಿಗೂ ಬಂದಿದ್ದ ಅಕ್ಕ ಅಂದ. ಅಷ್ಟು ದೂರ ಯಾಕೋ ಅಂದೆ. ದೂರ ಏನು, ಪಕ್ಕದ ಇಬ್ರಾಹಿಂಪಟ್ನಂ ಥರ್ಮಲ್ ಪವರ್ ಸ್ಟೇಷನ್ನಲ್ಲಿ ಅವನ ಕೆಲಸ ಅಂತಲ್ಲ, ಶಿಫ್ಟ್ ಮುಗಿಸಿ ಬಂದೆ ಅಂದ ಅಂತ ಅಭಿ ಹೇಳಿದ.

ಇಲ್ಲಿಂದ ಅಲ್ಲಿಗೆ ಆರು ತಾಸು ರೈಲು. ಒಂದೇ ವಾರಾಂತ್ಯದಲ್ಲಿ ಒಬ್ಬನಿಗೆ ಎರಡು ನೌಕರಿ.

ಭಾವನ ಹಡಗು ನಡುವೆ ಯಾವ ಬಂದರಿಗೆ ಹೋಗುತ್ತೆ ಅಂತ ಕೇಳಿದನಂತೆ. ಅಭಿಗೆ ಗೊತ್ತಿಲ್ಲ, ಗೊತ್ತಿಲ್ಲ ಅಂದಿದ್ದಾನೆ. ಅಭಿ ಇದನ್ನೂ ನಗುತ್ತಲೇ ಹೇಳಿದ.

ಇವರಿಗೆ ಹೇಳಬೇಕು. ಹೇಳಿದರೆ ಇವರು ಮೇಲಿನವರಿಗೆ ಹೇಳಲೇಬೇಕು. ಮೊದಲ ಪ್ರಶ್ನೆ — ಹೆಂಡತಿಗೆ ದಿನ ಹೇಳಿದ್ದು ಯಾರು? ಹದಿನಾಲ್ಕು ವರ್ಷದ ಸರ್ವೀಸು, ಮುಂದಿನ ತಿಂಗಳು ಪ್ರಮೋಷನ್ ಲಿಸ್ಟ್. ಹೇಳದಿದ್ದರೆ? ಆ ಹಡಗಲ್ಲಿ ಇವರೊಬ್ಬರೇ ಇಲ್ಲ. ಇನ್ನೂರು ಜನ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅಮ್ಮ ಬಡಕೊಂಡಳು ಬಾಲ್ಯವೆಲ್ಲ.

ನವೆಂಬರ್ 11, ಮಂಗಳವಾರ. ಮಧ್ಯಾಹ್ನ

ತಿರುಮಲೇಶ್ ಕಳಿಸಿದ ವಿಡಿಯೋ ಬಂತು. ಅಭಿ ಊದಿದ್ದಲ್ಲ. ಹನ್ನೆರಡು ಸೆಕೆಂಡ್. ಲೋಕಲ್ ಬ್ಯಾಂಡು, ಗಕ್ಕನೆ ನಿಲ್ಲುವುದು, ನನ್ನ ಕೂಗು, ನಗು. ಒಂದೊಂದು ಅಕ್ಷರವೂ ಸ್ಪಷ್ಟ. ಕೆಳಗೆ — ‘ಡಿಲೀಟ್ ಮಾಡ್ತೀನಿ ಅಕ್ಕ. ಜೊತೆಗೆ ಎಷ್ಟು ಹಡಗು ಹೋಗ್ತಿವೆ, ಅದೊಂದು ಹೇಳಿಬಿಡಿ.’

ಉತ್ತರ ಕೊಡಲಿಲ್ಲ. ನಾಲ್ಕು ಸಲ ರಿಂಗಾಯ್ತು. ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಹುಚ್ಚಿ.

ಸಂಜೆ

ಇವರು ಬ್ಯಾಗ್ ತುಂಬುತ್ತಾ ಕೂತಿದ್ದಾರೆ. ನನ್ನ ಮೌನ ನೋಡಿ, ಏನಿವತ್ತು ರೇಡಿಯೋ ಬಂದ್ ಆಗಿದೆ ಅಂತ ತಮಾಷೆ ಮಾಡಿದರು. ತಲೆನೋವು ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ನನ್ನ ಮೇಲೆ ನನಗೇ ಅಸಹ್ಯ.

ನವೆಂಬರ್ 12, ಬುಧವಾರ. 6.10

ಉಪ್ಪಿಟ್ಟು ತಿಂತಿದಾರೆ. ಎಂಟಕ್ಕೆ ಡಾಕ್‌ಯಾರ್ಡ್ ಒಳಗಿರಬೇಕು. ಗೇಟು ದಾಟಿದರೆ ಫೋನೂ ಇಲ್ಲ, ಏನೂ ಇಲ್ಲ. ಈಗಲೇ... ಎದ್ದೆ.

6.45

ಹೇಳಿಬಿಟ್ಟೆ.

ಒಂದು ಕಾಲಿಗೆ ಶೂ ಹಾಕಿದ್ದರು. ಇನ್ನೊಂದು ಕೈಯಲ್ಲೇ ಉಳಿಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಿಡಿಯೋ ಎರಡು ಸಲ ನೋಡಿದರು.

“ನಮ್ರತಾ, ಇದನ್ನ ನಾನೇ ಹೇಳ್ಬೇಕು. ಹೇಳಿದ್ಮೇಲೆ ಈ ಯೂನಿಫಾರ್ಮ್ ಮೈಮೇಲೆ ಇರುತ್ತೋ ಇಲ್ವೋ ಗೊತ್ತಿಲ್ಲ.”

ಶೂ ಬಾಗಿಲ ಹತ್ತಿರ ಇಟ್ಟು ಆಫೀಸರಿಗೆ ಫೋನ್ ಹಚ್ಚಿದರು. ಬಾಲ್ಕನಿಯಲ್ಲಿ ನಿಂತು ಹಿಂದಿಯಲ್ಲಿ ಮಾತಾಡ್ತಿದಾರೆ. ಜೀ ಸರ್... ಜೀ ಸರ್... ನನ್ನ ಕಡೆ ತಿರುಗಿ, ಯಾರೋ ಬರ್ತಾರೆ, ಅಲ್ಲಿವರೆಗೂ ಇಬ್ಬರೂ ಮನೆ ಬಿಟ್ಟು ಕದಲಬಾರದಂತೆ ಅಂದರು. ನನ್ನ ಫೋನ್ ತಗೊಂಡು ಹೋಗಬಹುದು. ಈ ಪುಸ್ತಕವೂ ಹೋಗುತ್ತೇನೋ. ಹೋಗಲಿ. ಎದೆ ಹಗುರಾಯ್ತು. ಇನ್ನೂರು ಜನಕ್ಕೆ ಏನೂ ಆಗದಿದ್ದರೆ ಸಾಕು.

6.58

ಮತ್ತೆ ಅವನ ಮೆಸೇಜ್.

‘ಅಕ್ಕ, ಭಾವನ ಬೈಕು ಇನ್ನೂ ಇಲ್ಲೇ ನಿಂತಿದೆಯಲ್ಲ. ಹೊರಡಲಿಲ್ವಾ?’

ತೋರಿಸೋಣ ಅಂತ ಎದ್ದರೆ ಇವರು ಬಾಲ್ಕನಿಯಲ್ಲಿಲ್ಲ; ಕೆಳಗೆ ಬೈಕಿನ ಪಕ್ಕ ತಿರುಮಲೇಶ್ ನಿಂತಿರೋದನ್ನ ಇವರೂ ಅಲ್ಲಿಂದ ನೋಡಿರಬೇಕು. ಬಾಗಿಲು ಹಾರು ಹೊಡೆದಿದೆ. ಒಂದು ಶೂ ಹೊಸ್ತಿಲ ಹತ್ತಿರವೇ ಇದೆ. ಮೆಟ್ಟಿಲ ಮೇಲೆ ದಡದಡ ಇಳಿಯುವ ಸದ್ದು, ಕೆಳಗೆ ಯಾರೋ ಕನ್ನಡದಲ್ಲಿ ಕೂಗುತ್ತಿದ್ದಾರೆ—